ಗಾವೋನ್, ನಾಗಿದ್, ನಾಸಿ: ಹಳೆಯ ಯಹೂದಿ ಪತ್ರಗಳಲ್ಲಿ ಯಾರು ಯಾರೆಂದು ಗುರುತಿಸುವುದು ಹೇಗೆ

ಮಂಗಳೂರಿನಲ್ಲಿ 1132ನೇ ಇಸವಿ ಅಕ್ಟೋಬರ್ 17ರಂದು ಬರೆದ ಒಂದು ದಾಖಲೆ ಇಂದಿಗೂ ಉಳಿದಿದೆ. ಟ್ಯುನೀಷಿಯಾದ ಮಹ್ದಿಯಾ ಊರಿನಿಂದ ಬಂದು ಇಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅದು. ಅದರಲ್ಲಿ ಮಂಗಳೂರಿನ ಹೆಸರು ಬಂದ ಕೂಡಲೇ ಇನ್ನೊಂದು ಮಾತು ಬರುತ್ತದೆ. ಈ ಊರು ಹಿಸ್ದಾಯ್ ಮಗ ದಾನಿಯೇಲ್ ಎಂಬ ಮಹಾ ನಾಸಿಯ, ಅಂದರೆ ಗಡೀಪಾರಾದ ಇಸ್ರಾಯೇಲರ ಮುಖ್ಯಸ್ಥನ ಅಧಿಕಾರದ ಕೆಳಗಿದೆ ಎಂದು. ಆ ದಾನಿಯೇಲ್ ಇದ್ದದ್ದು ಬಾಗ್ದಾದಿನಲ್ಲಿ. ಮಂಗಳೂರು ಆಗ ಆಳುಪರ ಸೀಮೆ. ಅಂದ ಮೇಲೆ ಇದೆಂಥ ಅಧಿಕಾರ?

ಕಾಸರಗೋಡು, ಮಂಜೇಶ್ವರ ಕಡೆ ಈ ಬೆನ್ ಯಿಜುವಿನ ಕತೆಯ ಬಗ್ಗೆ ಆಸಕ್ತಿ ಇರುವವರು ಬೇಕಾದಷ್ಟು ಮಂದಿ. ನಮ್ಮ ಅಡಿಕೆ, ಒಳ್ಳೆಮೆಣಸು ಹಡಗು ಹತ್ತಿ ಯೆಮೆನ್‌ನ ಏಡನ್ ಬಂದರಿಗೆ ಹೋದ ಕತೆ ಅದು, ಯಾರಿಗೆ ಬೇಡ ಹೇಳಿ. ಗ್ರಂಥಾಲಯದ ಸ್ಮರಣ ಸಂಚಿಕೆಗೆ ಬರೆಯುವವರು, ಶಾಲೆಯ ಪ್ರಾಜೆಕ್ಟಿಗೆ ಮಕ್ಕಳಿಗೆ ಹೇಳಿಕೊಡುವವರು, ಸುಮ್ನೆ ಕುತೂಹಲಕ್ಕೆ ಓದುವವರು, ಎಲ್ಲರೂ ಒಂದು ಜಾಗದಲ್ಲಿ ತಡವರಿಸುತ್ತಾರೆ. ಅದು ಬಿರುದುಗಳ ಜಾಗ. ಗಾವೋನ್ ದೊಡ್ಡವನಾ, ನಾಗಿದ್ ದೊಡ್ಡವನಾ? ನಾಸಿ ಎಂದರೆ ರಾಜನಾ? ಈ ಪ್ರಶ್ನೆ ಹಿಡಿದು ಕೂತರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಪ್ರಶ್ನೆಯೇ ಸರಿ ಇಲ್ಲ. ಕೇಳಬೇಕಾದದ್ದು ಬೇರೆ: ಇದು ಯಾವ ಇಸವಿ, ಯಾವ ಊರು, ಈ ಬಿರುದನ್ನು ಕೊಟ್ಟವರು ಯಾರು, ಅದು ಎಷ್ಟು ದೂರದವರೆಗೆ ನಡೆಯುತ್ತಿತ್ತು.

ಮೊದಲು ಇಸವಿ, ಆಮೇಲೆ ಊರು

ಪತ್ರದಲ್ಲಿ ಬಿರುದು ಕಂಡ ತಕ್ಷಣ ಅದರ ಹಿಂದೆ ಓಡಬೇಡಿ. ಮೊದಲು ತಾರೀಕು ನೋಡಿ. ಆ ಕಾಲದ ಯಹೂದಿ ವ್ಯಾಪಾರಿಗಳು ಹೆಚ್ಚಾಗಿ ಬಳಸುತ್ತಿದ್ದದ್ದು ಸೆಲ್ಯುಸಿಡ್ ಶಕೆ, ಅವರ ಮಾತಿನಲ್ಲಿ ‘ದಸ್ತಾವೇಜುಗಳ ಲೆಕ್ಕ’. ಅದರ ವರ್ಷ ಶರತ್ಕಾಲದಲ್ಲಿ, ತಿಶ್ರಿ ತಿಂಗಳಲ್ಲಿ ಬದಲಾಗುತ್ತದೆ. ತಿಶ್ರಿಯಿಂದ ಡಿಸೆಂಬರ್ ಕೊನೆಯವರೆಗಿನ ತಾರೀಕಾದರೆ 312 ಕಳೆಯಿರಿ, ಜನವರಿಯ ನಂತರದ್ದಾದರೆ 311. ಅಶುವಿನ ಪತ್ರದ ವರ್ಷ ಈ ಲೆಕ್ಕದಲ್ಲಿ 1444. ತಿಂಗಳು ಅಕ್ಟೋಬರ್, ಹಾಗಾಗಿ 312 ಕಳೆದರೆ 1132. ಅಷ್ಟೇ.

ಇಸವಿ ಯಾಕೆ ಇಷ್ಟು ಮುಖ್ಯ ಅಂದರೆ, ಈ ಪೀಠಗಳು ಒಂದೇ ಕಡೆ ಕೂತಿರಲಿಲ್ಲ. ಗಾವೋನ್ ಎಂದರೆ ಯೆಶಿವಾದ, ಅಂದರೆ ಧರ್ಮವಿದ್ಯಾಪೀಠದ ಮುಖ್ಯಸ್ಥ. ಇರಾಕಿನಲ್ಲಿ ಸೂರಾ ಮತ್ತು ಪುಂಬೆದಿತಾ ಎಂಬ ಎರಡು ಪೀಠಗಳಿದ್ದವು, ಕಾಲ ಕಳೆದಂತೆ ಎರಡೂ ಬಾಗ್ದಾದಿಗೆ ಬಂದವು, ಆದರೆ ಹಳೆಯ ಹೆಸರು ಬಿಡಲಿಲ್ಲ. ಮೂರನೆಯದು ಪ್ಯಾಲೆಸ್ತೀನಿನದು. ಅದು ತಿಬೇರಿಯಾಸ್‌ನಿಂದ ಜೆರುಸಲೇಮಿಗೆ ಹೋಯಿತು. 1070ರ ದಶಕದಲ್ಲಿ ಸೆಲ್ಜುಕ್ ತುರ್ಕರು ಜೆರುಸಲೇಮ್ ಹಿಡಿದ ಮೇಲೆ ತೂರ್ ಪಟ್ಟಣಕ್ಕೆ, ಅಲ್ಲಿಂದ ದಮಾಸ್ಕಸಿಗೆ, ಕೊನೆಗೆ 1127ರಲ್ಲಿ ಕೈರೋಗೆ. ಈಗ ನೀವೇ ಹೇಳಿ, ಒಂದು ಪತ್ರದಲ್ಲಿ ಬರೀ ‘ನಮ್ಮ ಗಾವೋನ್’ ಎಂದಿದ್ದರೆ ಅದು ಯಾರು? ಪತ್ರ 1030ರ ಫುಸ್ತಾತಿನದಾದರೆ, ಅಂದರೆ ಹಳೆ ಕೈರೋದ್ದಾದರೆ, ಜೆರುಸಲೇಮಿನ ಸೊಲೊಮನ್ ಬೆನ್ ಯೆಹೂದಾ ಇರಬಹುದು. ಬರೆದವನು ಬಾಬಿಲೋನಿಯನ್, ಅಂದರೆ ಇರಾಕಿ ಪಂಗಡದವನಾದರೆ ಬಾಗ್ದಾದಿನ ಹಾಯ್ ಗಾವೋನ್ ಇರಬಹುದು, ಆತ ತೀರಿಕೊಂಡದ್ದು 1038ರಲ್ಲಿ. ಅದೇ ಪತ್ರ 1130ರದಾದರೆ ಕೈರೋದಲ್ಲೇ ಕೂತಿದ್ದ ಮಸ್ಲಿಯಾಹ್ ಹಾ-ಕೋಹೆನ್. ಬಿರುದು ಒಂದೇ, ಆಸಾಮಿ ಮೂವರು.

ಫುಸ್ತಾತಿನಲ್ಲಿ ಇನ್ನೊಂದು ತೊಡಕು ಉಂಟು. ಒಂದೇ ಊರಿನಲ್ಲಿ ಪ್ಯಾಲೆಸ್ತೀನಿಯನ್ನರ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ ಬೇರೆ, ಇರಾಕಿಗಳ ಸಿನಗಾಗ್ ಬೇರೆ. ಮೊದಲನೆಯವರು ಧರ್ಮಗ್ರಂಥದ ಓದನ್ನು ಮೂರು ವರ್ಷಕ್ಕೆ ಮುಗಿಸುತ್ತಿದ್ದರು, ಎರಡನೆಯವರು ಒಂದೇ ವರ್ಷಕ್ಕೆ. ಅವರ ಕಾಣಿಕೆ ಹೋಗುತ್ತಿದ್ದ ಪೀಠವೂ ಬೇರೆ. ಹಾಗಾಗಿ ಊರು ಎಂದರೆ ಬರೀ ಊರಲ್ಲ, ಯಾವ ಸಿನಗಾಗಿನವರು ಎಂದೂ ನೋಡಬೇಕು. ಇವರಿಬ್ಬರ ಹೊರಗೆ ಕರಾಯಿಟರು ಎಂಬ ಮತ್ತೊಂದು ಪಂಗಡ, ತಾಲ್ಮೂದ್ ಎಂಬ ಧರ್ಮಶಾಸ್ತ್ರ ಗ್ರಂಥವನ್ನು ಒಪ್ಪದವರು.

ಹೆಸರನ್ನು ಬಿಡಿಸಿ ಇಡಿ

ಬೆನ್, ಇಬ್ನ್ ಎರಡೂ ‘ಇಂಥವರ ಮಗ’. ಅಬೂ ಎಂದರೆ ‘ಇಂಥವನ ಅಪ್ಪ’, ಅರಬ್ಬಿ ರೂಢಿ. ಹಾ- ಎಂಬುದು ಹೀಬ್ರೂದಲ್ಲಿ ಇಂಗ್ಲಿಷಿನ ‘ದಿ’ (the) ಇದ್ದ ಹಾಗೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಾ-ಕೋಹೆನ್, ಹಾ-ಲೇವಿ ಎಂದಿದ್ದರೆ ಅದು ವಂಶ. ಕೋಹೆನ್ ಎಂದು ಕಂಡ ಕೂಡಲೇ ‘ಪುರೋಹಿತ’ ಎಂದು ಬರೆಯುವವರಿದ್ದಾರೆ, ಆದರೆ ಆ ಮನುಷ್ಯ ಬಟ್ಟೆ ವ್ಯಾಪಾರಿಯೋ ಹಡಗಿನ ಸರಕು ನೋಡಿಕೊಳ್ಳುವವನೋ ಆಗಿರಬಹುದು.

ನಿಮ್ಮ ಮನೆಯ ಹಳೆಯ ಜಾಗದ ದಸ್ತಾವೇಜು ತೆಗೆದು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಅದರಲ್ಲಿ ಶಾನುಭಾಗ, ಪಟೇಲ, ಬಲ್ಲಾಳ, ಗುರಿಕಾರ, ಮೊಕ್ತೇಸರ ಎಲ್ಲ ಒಂದೇ ಪುಟದಲ್ಲಿ ಬಂದಿರುತ್ತವೆ. ಕೆಲವರಿಗೆ ಅದು ಸರಕಾರ ಕೊಟ್ಟ ಕೆಲಸ, ಕೆಲವರಿಗೆ ಜಾತಿ-ಕೂಟದವರು ಕೊಟ್ಟದ್ದು, ಕೆಲವರಿಗೆ ಅಜ್ಜನ ಕಾಲದಿಂದ ಮನೆಗೆ ಅಂಟಿಕೊಂಡ ಹೆಸರು ಅಷ್ಟೇ. ಪಟೇಲರ ಮನೆ ಎಂದ ಮಾತ್ರಕ್ಕೆ ಆ ಮನೆಯವರು ಈಗಲೂ ತೀರ್ವೆ ವಸೂಲಿ ಮಾಡುತ್ತಾರೆ ಎಂದು ಯಾರೂ ತಿಳಿಯುವುದಿಲ್ಲ ಅಲ್ವಾ?

ಒಬ್ಬನಿಗೇ ಎರಡು ಹೆಸರು ಇರುವುದು ಮಾಮೂಲು, ಹೀಬ್ರೂದಲ್ಲಿ ಒಂದು, ಅರಬ್ಬಿಯಲ್ಲಿ ಒಂದು. ಏಡನ್‌ನ ಮದ್ಮೂನ್ ಬೆನ್ ಹಸನ್ ಮತ್ತು ಮದ್ಮೂನ್ ಬೆನ್ ಯೆಫೆತ್ ಇಬ್ಬರಲ್ಲ, ಒಬ್ಬನೇ. ಅಪ್ಪನ ಹೀಬ್ರೂ ಹೆಸರು ಯೆಫೆತ್, ಅರಬ್ಬಿ ಹೆಸರು ಹಸನ್. ಇನ್ನು ಅಪ್ಪನ ಹೆಸರಿನ ಮುಂದೆ ‘ಏದೆನ್ ತೋಟದಲ್ಲಿ (ಸ್ವರ್ಗದಲ್ಲಿ) ವಿಶ್ರಮಿಸಲಿ’ ಎಂಬ ಅರ್ಥದ ಹಾರೈಕೆ ಇದ್ದರೆ ಅಪ್ಪ ತೀರಿಕೊಂಡಿದ್ದಾನೆ ಎಂದು ಗುರುತು ಹಾಕಿಕೊಳ್ಳಿ. ತಾರೀಕು ಹರಿದುಹೋದ ಚೂರುಗಳಲ್ಲಿ ಈ ಸಣ್ಣ ಹಾರೈಕೆಯೇ ಕಾಲ ಹಿಡಿಯಲು ಸಹಾಯ ಮಾಡುತ್ತದೆ.

ಬಾಗ್ದಾದಿನ ಇಬ್ಬರು ದೊಡ್ಡವರು

ಅಬ್ಬಾಸಿದ್ ಖಲೀಫರ ಕಾಲದಲ್ಲಿ ಎರಡು ಅಧಿಕಾರಗಳು ಪಕ್ಕಪಕ್ಕದಲ್ಲೇ ಇದ್ದವು. ಒಂದು ರೇಶ್ ಗಲೂತಾ, ಅರಬ್ಬಿಯಲ್ಲಿ ರಾಸ್ ಅಲ್-ಜಾಲೂತ್. ಇಂಗ್ಲಿಷ್ ಪುಸ್ತಕಗಳಲ್ಲಿ ಎಕ್ಸಿಲಾರ್ಕ್ ಎಂದು ಕಾಣುವುದು ಇವನೇ. ಇದು ರಕ್ತಸಂಬಂಧದಿಂದ ಬರುವ ಸ್ಥಾನ. ದಾವೀದ ರಾಜನ ವಂಶದವರು ತಾವು ಎಂಬುದು ಇವರ ಹಕ್ಕು, ಬಾಬಿಲೋನಿಗೆ ಸೆರೆಹೋದ ಯೆಹೋಯಾಖೀನ್ ರಾಜನ ಮೂಲಕ. ಮುಸ್ಲಿಮರು ಬರುವ ಮುಂಚೆ ಸಸಾನಿದ್ ಪರ್ಷಿಯನ್ನರ ಕಾಲದಲ್ಲೇ ಈ ಸ್ಥಾನ ಇತ್ತು, ಅರಬರು ಅದನ್ನು ಹಾಗೇ ಮುಂದುವರಿಸಿದರು. ದಾವೀದ ಮುಸ್ಲಿಮರಿಗೂ ಪ್ರವಾದಿ, ಆದ್ದರಿಂದ ಆ ವಂಶಕ್ಕೆ ಅರಮನೆಯಲ್ಲೂ ಮರ್ಯಾದೆ ಸಿಗುತ್ತಿತ್ತು. 12ನೇ ಶತಮಾನದಲ್ಲಿ ಸ್ಪೇನಿನಿಂದ ಬಂದ ಪ್ರವಾಸಿ ತುದೇಲಾದ ಬೆಂಜಮಿನ್ ಬಾಗ್ದಾದಿನಲ್ಲಿ ಕಂಡದ್ದನ್ನು ಬರೆದಿದ್ದಾನೆ: ರೇಶ್ ಗಲೂತಾ ಖಲೀಫನನ್ನು ಕಾಣಲು ಹೊರಟಾಗ ಮುಂದೆ ಸಾರುವವರು ‘ದಾವೀದನ ಮಗನಾದ ನಮ್ಮ ಒಡೆಯನಿಗೆ ದಾರಿ ಬಿಡಿ’ ಎಂಬ ಅರ್ಥದಲ್ಲಿ ಕೂಗುತ್ತಿದ್ದರು. ಆತ ಹೇಳುವ ಹೆಸರೂ ಹಿಸ್ದಾಯ್ ಮಗ ದಾನಿಯೇಲ್. ಮಂಗಳೂರಿನ ಪತ್ರದಲ್ಲಿ ಇರುವ ಅದೇ ಹೆಸರು.

ಎರಡನೆಯದು ಗಾವೋನ್. ಇದು ವಿದ್ಯೆಯಿಂದ ಬರುವ ಸ್ಥಾನ, ಕನಿಷ್ಠ ಪಕ್ಷ ಹೇಳಿಕೆ ಹಾಗೆ. ವಾಸ್ತವದಲ್ಲಿ ಕೆಲವೇ ಮನೆತನಗಳ ಒಳಗೇ ಸುತ್ತುತ್ತಿತ್ತು. ಪೂರ್ತಿ ಬಿರುದು ‘ಯಾಕೋಬನ ಹೆಮ್ಮೆಯ ಯೆಶಿವಾದ ಮುಖ್ಯಸ್ಥ’, ಅದರಿಂದ ಉದುರಿ ಉಳಿದದ್ದು ಗಾವೋನ್. ದೂರದೂರದ ಊರುಗಳಿಂದ ಇವರಿಗೆ ಪ್ರಶ್ನೆಗಳು ಬರುತ್ತಿದ್ದವು, ಕಾಣಿಕೆಯೂ ಜೊತೆಗೆ ಬರುತ್ತಿತ್ತು, ಉತ್ತರಗಳು ವ್ಯಾಪಾರಿಗಳ ಕೈಯಲ್ಲಿ ಹೋಗುತ್ತಿದ್ದವು. ವರ್ಷಕ್ಕೆ ಎರಡು ಸಲ, ಅದಾರ್ ಮತ್ತು ಎಲುಲ್ ತಿಂಗಳಲ್ಲಿ, ಕಲ್ಲಾ ಎಂಬ ದೊಡ್ಡ ಅಧ್ಯಯನ ಸಭೆ ಸೇರುತ್ತಿತ್ತು. ಗಾವೋನನ ಮುಂದೆ ಏಳು ಸಾಲು, ಸಾಲಿಗೆ ಹತ್ತು ಜನ. ಯಾರು ಯಾವ ಸಾಲಿನಲ್ಲಿ ಕೂರಬೇಕು ಎಂಬುದೂ ನಿಗದಿ. ರೋಶ್ ಕಲ್ಲಾ, ಅಲ್ಲೂಫ್ ಎಂಬ ಬಿರುದುಗಳು ಈ ಕಡೆಯವು. ಪ್ಯಾಲೆಸ್ತೀನಿನ ಪೀಠದಲ್ಲಿ ಇನ್ನೂ ನೇರ ಲೆಕ್ಕ. ಗಾವೋನ್, ಅವನ ಕೆಳಗೆ ನ್ಯಾಯಪೀಠದ ಅಧ್ಯಕ್ಷನಾದ ಅವ್ ಬೇತ್ ದೀನ್, ಆಮೇಲೆ ‘ಮೂರನೆಯವನು’, ‘ನಾಲ್ಕನೆಯವನು’, ಹೀಗೆ. ನಿಜವಾಗಿಯೂ ಅದೇ ಬಿರುದು. ಯಾರದೋ ಹೆಸರಿನ ಮುಂದೆ ಬರೀ ‘ಮೂರನೆಯವನು’ ಎಂದು ಕಂಡರೆ ಮೂರನೆಯ ಮಗ ಎಂದು ಬರೆದುಬಿಡಬೇಡಿ.

ಈ ಇಬ್ಬರ ನಡುವೆ ಗೆರೆ ಎಲ್ಲಿತ್ತು ಎಂದು ತಿಳಿಯಲು 930ರ ಜಗಳ ಓದಿದರೆ ಸಾಕು. ಈಜಿಪ್ಟಿನ ಫಯ್ಯೂಮ್‌ನಲ್ಲಿ ಹುಟ್ಟಿದ ಸಾದ್ಯಾ ಎಂಬ ಪಂಡಿತನನ್ನು 928ರಲ್ಲಿ ಸೂರಾದ ಗಾವೋನ್ ಮಾಡಿದ್ದೇ ರೇಶ್ ಗಲೂತಾ ಆಗಿದ್ದ ದಾವೀದ್ ಬೆನ್ ಜಕ್ಕಾಯ್. ಎರಡು ವರ್ಷದಲ್ಲಿ ಒಂದು ಆಸ್ತಿ ಪಾಲಿನ ಕೇಸು ಬಂತು. ತೀರ್ಪಿನ ಪ್ರಕಾರ ಆ ಆಸ್ತಿಯ ಹತ್ತನೇ ಒಂದು ಪಾಲು ರೇಶ್ ಗಲೂತಾನಿಗೆ ಹೋಗಬೇಕು. ಪುಂಬೆದಿತಾದ ಗಾವೋನ್ ಸಹಿ ಹಾಕಿದ. ಸಾದ್ಯಾ ಹಾಕಲಿಲ್ಲ. ದಾವೀದನ ಮಗ ಬಂದು ಬೆದರಿಸಿದರೂ ಹಾಕಲಿಲ್ಲ. ಆಮೇಲೆ ಏನಾಯಿತು ಕೇಳಿ: ದಾವೀದ್ ಸೂರಾಕ್ಕೆ ಇನ್ನೊಬ್ಬ ಗಾವೋನನನ್ನು ಕೂರಿಸಿದ, ಸಾದ್ಯಾ ದಾವೀದನ ತಮ್ಮನನ್ನೇ ರೇಶ್ ಗಲೂತಾ ಎಂದು ಸಾರಿದ, ಇಬ್ಬರೂ ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿದರು, ಎರಡೂ ಕಡೆಯವರು ಖಲೀಫನ ಆಸ್ಥಾನಕ್ಕೆ ಹಣ ಸುರಿದರು. ರಾಜಿಯಾದದ್ದು 937ರಲ್ಲಿ. ಅಂದರೆ ಏಳು ವರ್ಷ ಬಾಗ್ದಾದಿನಲ್ಲಿ ಒಂದೇ ಬಿರುದು ಇಬ್ಬಿಬ್ಬರಿಗೆ ಇತ್ತು.

ನಮಗೆ ಇದರಿಂದ ಸಿಗುವ ಉಪಯೋಗ ಇಷ್ಟು. ರೇಶ್ ಗಲೂತಾ ಗಾವೋನನನ್ನು ನೇಮಿಸಬಹುದು, ಆದರೆ ಗಾವೋನನ ಸಹಿ ಇಲ್ಲದೆ ದೊಡ್ಡ ತೀರ್ಪು ನಿಲ್ಲುವುದಿಲ್ಲ. ಇಬ್ಬರ ಹಿಂದೆಯೂ ಖಲೀಫನ ಒಪ್ಪಿಗೆ ಬೇಕು. ಒಬ್ಬನನ್ನು ರಾಜ, ಇನ್ನೊಬ್ಬನನ್ನು ಗುರು ಎಂದು ಎರಡು ಪೆಟ್ಟಿಗೆಗೆ ಹಾಕಿದರೆ ಕೈಗೆ ಸಿಗುವುದಿಲ್ಲ. ವರಮಾನವೂ ಹಂಚಿಕೆಯಾಗಿತ್ತು. ಇರಾಕ್, ಇರಾನಿನ ಇಂತಿಂಥ ಸೀಮೆಯ ಯಹೂದಿಗಳ ತೆರಿಗೆ, ನ್ಯಾಯಾಧೀಶರ ನೇಮಕ ಸೂರಾಕ್ಕೆ, ಇಂತಿಂಥದ್ದು ಪುಂಬೆದಿತಾಕ್ಕೆ, ಉಳಿದದ್ದು ರೇಶ್ ಗಲೂತಾನಿಗೆ ಎಂದು. ಆ ಸೀಮೆಗಳಿಗೆ ರೆಶೂತ್ ಎನ್ನುತ್ತಿದ್ದರು. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ನಾಸಿ ಎಂದರೆ ಸಾಮಾನ್ಯವಾಗಿ ದಾವೀದನ ವಂಶದವನು. ರೇಶ್ ಗಲೂತಾನೂ ನಾಸಿಯೇ, ಅವನ ಚಿಕ್ಕಪ್ಪನ ಮಗನೂ ನಾಸಿಯೇ, ಯಾವ ಕೆಲಸ ಇಲ್ಲದೆ ಊರೂರು ಸುತ್ತುವ ನೆಂಟನೂ ನಾಸಿಯೇ. ಕರಾಯಿಟರ ಮುಖಂಡರೂ ನಾಸಿ ಎನಿಸಿಕೊಂಡರು. ಆದರೆ ಸ್ಪೇನಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಕೊರ್ದೊಬಾದಲ್ಲಿ ಮೂರನೇ ಅಬ್ದುಲ್ ರಹಮಾನನ ವೈದ್ಯನೂ ಸುಂಕದ ಅಧಿಕಾರಿಯೂ ಆಗಿದ್ದ ಹಸ್ದಾಯ್ ಇಬ್ನ್ ಶಪ್ರುತ್‌ನನ್ನೂ ನಾಸಿ ಎಂದು ಕರೆದರು, ಅಲ್ಲಿ ಅದು ಯಹೂದಿಗಳ ಮುಖಂಡ ಎಂಬ ಅರ್ಥದಲ್ಲಿ. ಹಾಗಾಗಿ ಊರು ನೋಡದೆ ‘ದಾವೀದ ವಂಶದ’ ಎಂದು ಬರೆಯಬೇಡಿ.

ನಾಗಿದ್ ಮತ್ತು ರಈಸ್: ಇಲ್ಲಿ ಜಾಸ್ತಿ ಎಚ್ಚರ ಬೇಕು

ಬಾಗ್ದಾದಿನ ಖಲೀಫರ ಹಿಡಿತ ಸಡಿಲವಾಗಿ ಬೇರೆ ಬೇರೆ ಕಡೆ ಬೇರೆ ರಾಜರು ಎದ್ದ ಹಾಗೆಲ್ಲ, ಅಲ್ಲಲ್ಲಿನ ಯಹೂದಿಗಳಿಗೂ ತಮ್ಮದೇ ಮುಖಂಡ ಬೇಕಾಯಿತು. ಅರಮನೆಯಲ್ಲಿ ಮಾತು ನಡೆಯುವವನು, ಸಾಮಾನ್ಯವಾಗಿ ವೈದ್ಯ. ಟ್ಯುನೀಷಿಯಾದ ಕೈರವಾನ್‌ನಲ್ಲಿ ಜೀರಿದ್ ದೊರೆಗಳ ವೈದ್ಯ ಅಬ್ರಹಾಂ ಬೆನ್ ನಾತಾನ್‌ಗೆ 1015ರಲ್ಲಿ ನಾಗಿದ್ ಬಿರುದು ಸಿಕ್ಕಿತು. ಕೊಟ್ಟದ್ದು ಬಾಗ್ದಾದಿನ ಹಾಯ್ ಗಾವೋನ್. ನೋಡಿ, ಶಕ್ತಿ ಬಂದದ್ದು ಕೈರವಾನ್ ಅರಮನೆಯಿಂದ, ಬಿರುದು ಬಂದದ್ದು ಬಾಗ್ದಾದಿನ ಪೀಠದಿಂದ. ಇಬ್ಬರಿಗೂ ಲಾಭ, ಪೀಠಕ್ಕೆ ಆ ಸೀಮೆಯ ಕಾಣಿಕೆ ತಪ್ಪುವುದಿಲ್ಲ. ಗ್ರಾನಡಾದಲ್ಲಿ ಸಾಮುವೇಲ್ ಇಬ್ನ್ ನಗ್ರೇಲಾ 1027ರಲ್ಲಿ ನಾಗಿದ್ ಎನಿಸಿಕೊಂಡ. ಆತ ವಜೀರ, ಕವಿ, ದಂಡಿನ ಜೊತೆಗೂ ಹೋದವನು. ಅವನ ಮಗ ಯೋಸೇಫ 1066ರ ದಂಗೆಯಲ್ಲಿ ಕೊಲೆಯಾದ. ಬಿರುದು ಎಷ್ಟು ದೊಡ್ಡದಾದರೂ ದೊರೆಯ ಮರ್ಜಿ, ಊರಿನ ಸಿಟ್ಟು ಇವೆರಡರ ನಡುವೆ ಅದು ತೂಗಾಡುತ್ತಿತ್ತು.

ಈಜಿಪ್ಟಿನ ಕತೆ ಸ್ವಲ್ಪ ನಿಧಾನವಾಗಿ ಓದಬೇಕು. ಈಜಿಪ್ಟನ್ನು ಆಳಿದ ಫಾತಿಮಿದ್ ಖಲೀಫರ ಕಾಲದ ಮೊದಲಲ್ಲಿ ಅಲ್ಲಿನ ಯಹೂದಿಗಳ ಅಧಿಕೃತ ಮುಖಂಡ ಜೆರುಸಲೇಮಿನ ಗಾವೋನ್. 1060ರ ದಶಕದಿಂದ ಪೀಠಕ್ಕೆ ಕಷ್ಟಕಾಲ ಬಂತು, ಆಗ ಕೈರೋದಲ್ಲೇ ಇದ್ದ ಆಸ್ಥಾನದ ವೈದ್ಯ ಯೆಹೂದಾ ಬೆನ್ ಸಾದ್ಯಾ, ಅವನ ನಂತರ ತಮ್ಮ ಮೆವೋರಾಖ್ ಮುಂದೆ ಬಂದರು. ಅರಬ್ಬಿಯಲ್ಲಿ ಈ ಹುದ್ದೆ ರಈಸ್ ಅಲ್-ಯಹೂದ್, ಯಹೂದಿಗಳ ಮುಖ್ಯಸ್ಥ. ಹುದ್ದೆ ರಈಸ್‌ನದು, ನಾಗಿದ್ ಎಂಬುದು ಅದರ ಜೊತೆ ಬಂದ ಗೌರವದ ಬಿರುದು. ಈ ಎರಡನ್ನೂ ಒಂದೇ ಎಂದು ಬರೆಯುವುದು ಬಹಳ ಸಾಮಾನ್ಯ ತಪ್ಪು. ರಈಸ್ ಆದವರೆಲ್ಲ ನಾಗಿದ್ ಆಗಿರಲಿಲ್ಲ. 1127ರಲ್ಲಿ ಬಂದ ಮಸ್ಲಿಯಾಹ್ ರಈಸ್ ಆಗಿದ್ದ, ಆದರೆ ಗಾವೋನ್ ಎಂದೇ ಸಹಿ ಹಾಕಿದ. 1140ರಿಂದ 1159ರವರೆಗೆ ಇದ್ದ ಸಾಮುವೇಲ್ ಬೆನ್ ಹನನ್ಯಾ ನಾಗಿದ್.

ಈ ನಡುವೆ ಒಂದು ಒಳ್ಳೆ ತಮಾಷೆ. 1082ರ ಸುಮಾರಿಗೆ ದಾವೀದ್ ಬೆನ್ ದಾನಿಯೇಲ್ ಎಂಬವನು ಮೆವೋರಾಖನನ್ನು ಬದಿಗೆ ಸರಿಸಿ ಹುದ್ದೆ ಹಿಡಿದ. ಅವನ ಅಪ್ಪ ಪ್ಯಾಲೆಸ್ತೀನಿನ ಗಾವೋನ್ ಆಗಿದ್ದವನು, ದಾವೀದ ವಂಶದವನೂ ಹೌದು. ಮಗನಿಗೆ ನಾಗಿದ್ ಸಾಲಲಿಲ್ಲ, ತಾನೇ ರೇಶ್ ಗಲೂತಾ ಎಂದು ಹೇಳಿಕೊಂಡ, ಈಜಿಪ್ಟಿನಲ್ಲಿ ಕೂತು! 1094ರಲ್ಲಿ ವಜೀರ ಅಲ್-ಅಫ್ದಲ್ ಅವನನ್ನು ಇಳಿಸಿದ, ಮೆವೋರಾಖ್ ವಾಪಸ್ ಬಂದ. ಹಾಗಾಗಿ 1080ರ ದಶಕದ ಈಜಿಪ್ಟಿನ ಪತ್ರದಲ್ಲಿ ರೇಶ್ ಗಲೂತಾ ಎಂದು ಕಂಡರೆ ಬಾಗ್ದಾದಿಗೆ ಓಡಬೇಡಿ, ಮೊದಲು ಈ ಪುಣ್ಯಾತ್ಮನನ್ನು ನೆನೆಸಿಕೊಳ್ಳಿ.

ಮೈಮೊನಿದೆಸ್ ಎಂಬ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ತತ್ವಜ್ಞಾನಿ, ವೈದ್ಯ, ಧರ್ಮಶಾಸ್ತ್ರಿ. ಸುಮಾರು 1171ರಲ್ಲಿ, ಸಲಾಹುದ್ದೀನ್ ಫಾತಿಮಿದರ ಆಳ್ವಿಕೆ ಮುಗಿಸಿದ ಹೊತ್ತಿಗೆ, ಆತ ರಈಸ್ ಆದ. ನಡುವೆ ಹುದ್ದೆ ಹೋಗಿ ಮತ್ತೆ ಸಿಕ್ಕಿತು, 1204ರಲ್ಲಿ ತೀರಿಕೊಳ್ಳುವವರೆಗೆ ಇತ್ತು. ನಾಗಿದ್ ಎಂದು ಖಚಿತವಾಗಿ ಕರೆಯಬಹುದಾದದ್ದು ಅವನ ಮಗ ಅಬ್ರಹಾಂನನ್ನು, ಅಲ್ಲಿಂದ ಮುಂದೆ ಹುದ್ದೆ ಅದೇ ಮನೆಯಲ್ಲಿ ತಲೆಮಾರುಗಳ ಕಾಲ ಉಳಿಯಿತು. ಆಮೇಲೆ ಈಜಿಪ್ಟ್ ಆಳಿದ ಮಾಮ್ಲೂಕರ ಕಾಲಕ್ಕೆ ರಈಸ್ ಅಲ್-ಯಹೂದ್ ಕರಾಯಿಟರು ಮತ್ತು ಸಮಾರಿಟನ್ನರು ಎಂಬ ಇನ್ನೊಂದು ಪಂಗಡದ ಮೇಲೂ ಸರಕಾರಿ ಜವಾಬ್ದಾರಿ ಹೊತ್ತಿದ್ದ. 1517ರಲ್ಲಿ ಆಟೊಮನ್ನರು ಬಂದ ಮೇಲೆ ಈಜಿಪ್ಟಿನ ನಾಗಿದ್ ಸ್ಥಾನ ಮುಗಿಯಿತು.

ರೆಶೂತ್ ಸಾಲನ್ನು ಹುಡುಕಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ ಉಪಾಯ. ಆಗಿನ ಮದುವೆ ಪತ್ರ, ವಿಚ್ಛೇದನ ಪತ್ರ, ಬಿಡುಗಡೆ ಪತ್ರ, ಸಿನಗಾಗಿನ ಪ್ರವಚನ, ಎಲ್ಲದರಲ್ಲೂ ಶುರುವಿಗೆ ‘ಇಂಥವರ ಅಧಿಕಾರದಲ್ಲಿ’, ‘ಇಂಥವರ ಅಪ್ಪಣೆಯಿಂದ’ ಎಂಬ ಮಾತು ಬರುವುದುಂಟು. ಅದೇ ರೆಶೂತ್. ಮಸೀದಿಯ ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಯಾವ ಖಲೀಫನ ಹೆಸರು ಹೇಳುತ್ತಾರೋ ಆ ಊರು ಅವನದ್ದು ಎಂದು ಆಗಿನ ಮುಸ್ಲಿಂ ರಾಜ್ಯಗಳಲ್ಲಿ ತಿಳಿಯುತ್ತಿದ್ದರಲ್ಲ, ಯಹೂದಿಗಳ ನಡುವೆ ಇದಕ್ಕೂ ಅಷ್ಟೇ ತೂಕ. ಬಿರುದು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಊರಿನವರು ಪತ್ರದಲ್ಲಿ ಯಾರ ಹೆಸರು ಬರೆದರು ಎಂಬುದರಲ್ಲೇ ಗುಟ್ಟು ಇರುವುದು.

ಇದಕ್ಕಾಗಿ ಜಗಳಗಳೂ ಆದವು. 1130ರ ದಶಕದಲ್ಲಿ ಯೆಮೆನ್‌ನಲ್ಲಿ ಇಂಥದ್ದೇ ಒಂದು. ಅಲ್ಲಿನವರಿಗೆ ಎರಡು ಕಡೆಯ ನಂಟು, ಒಂದು ಬಾಗ್ದಾದ್, ಇನ್ನೊಂದು ಕೈರೋ. ರೇಶ್ ಗಲೂತಾನ ನೆಂಟನೊಬ್ಬ ಬಂದು ಬಾಗ್ದಾದಿನ ಹೆಸರನ್ನೇ ಹೇಳಬೇಕು ಎಂದ. ಕೈರೋದ ಮಸ್ಲಿಯಾಹ್ ಗಾವೋನನ ಕಡೆಯವರು ಒಪ್ಪಲಿಲ್ಲ. ಹೊರಗಿನವರಿಗೆ ಇದು ಬರೀ ಹೆಸರಿನ ಜಗಳ ಅನಿಸಬಹುದು. ಆದರೆ ಹೆಸರಿನ ಹಿಂದೆ ಕಾಣಿಕೆ, ನ್ಯಾಯಾಧೀಶರ ನೇಮಕ, ಮೇಲ್ಮನವಿ ಎಲ್ಲಿಗೆ ಹೋಗಬೇಕು ಎಂಬುದು, ಎಲ್ಲ ಸಾಲಾಗಿ ನಿಂತಿರುತ್ತದೆ.

ಏಡನ್‌ನಲ್ಲಿ ಈ ಎರಡು ಕಡೆಯ ನಡುವೆ ಬದುಕಿದವನು ಮೇಲೆ ಹೇಳಿದ ಮದ್ಮೂನ್ ಬೆನ್ ಹಸನ್. ಬೆನ್ ಯಿಜುವಿಗೆ ಮಂಗಳೂರಿಗೆ ಪತ್ರ ಬರೆಯುತ್ತಿದ್ದವನು. ಬೊಮ್ಮ ಎಂಬ ತುಳುನಾಡಿನ ಆಳು ಬೆನ್ ಯಿಜುವಿನ ಸರಕಿನ ಜೊತೆ ಏಡನ್‌ಗೆ ಹೋದಾಗ ಕಂಡದ್ದೂ ಇವನನ್ನೇ. ಇವನ ಬಿರುದುಗಳನ್ನು ಬಿಡಿಸಿದರೆ ಈ ವಿದ್ಯೆ ಅರ್ಧ ಬಂದ ಹಾಗೆ. ವಕೀಲ್ ಅಲ್-ತುಜ್ಜಾರ್, ಹೀಬ್ರೂದಲ್ಲಿ ಪೆಕೀದ್ ಹಾ-ಸೋಹರೀಮ್: ಪರಊರಿನ ವ್ಯಾಪಾರಿಗಳ ಪ್ರತಿನಿಧಿ. ಅವರ ಸರಕಿಗೆ ಗೋದಾಮು ಕೊಡುವುದು, ಅವರು ಇಲ್ಲದಾಗ ಕೇಸು ನಡೆಸುವುದು, ಬಾಕಿ ವಸೂಲಿ ಮಾಡುವುದು. ಇದು ಕೆಲಸ, ಅಪ್ಪನೂ ಇದೇ ಕೆಲಸದಲ್ಲಿದ್ದ. ಬಂದರಿನ ಮೇಲ್ವಿಚಾರಕನ ಹುದ್ದೆ ಸರಕಾರದ್ದು. ಸುಮಾರು 1140ರಲ್ಲಿ ‘ಯೆಮೆನ್ ನಾಡಿನ ನಾಗಿದ್’ ಎಂಬುದು ಬಂತು, ಅದು ಸಮುದಾಯದ ಮುಖಂಡತನ. 1151ರಲ್ಲಿ ಆತ ತೀರಿಕೊಂಡ ಮೇಲೆ ಮಗ ಹಲ್ಫೋನ್ ಅದನ್ನು ಮುಂದುವರಿಸಿದ. ಈಗ 1135ರ ಪತ್ರದ ಬಗ್ಗೆ ಬರೆಯುವಾಗ ಮದ್ಮೂನನನ್ನು ನಾಗಿದ್ ಎಂದು ಕರೆದರೆ ತಪ್ಪು. ಆಗಿನ್ನೂ ಅವನು ವ್ಯಾಪಾರಿಗಳ ಪ್ರತಿನಿಧಿ.

ಇನ್ನು ಮಂಗಳೂರಿನ ಪತ್ರದ ಸಾಲು. ಅದು ರೆಶೂತ್. ನೆಲದ ಮೇಲೆ ಬಾಗ್ದಾದಿನವನಿಗೆ ಯಾವ ಹಕ್ಕೂ ಇರಲಿಲ್ಲ, ಆಳುಪ ಅರಸರು ಅವನ ಹೆಸರನ್ನು ಕೇಳಿದ್ದರು ಎನ್ನಲೂ ಆಧಾರವಿಲ್ಲ. ಅಧಿಕಾರ ಜನರ ಮೇಲೆ. ಈ ಕರಾವಳಿಯಲ್ಲಿ ಒಬ್ಬ ಯಹೂದಿ ಧರ್ಮಶಾಸ್ತ್ರದ ಪ್ರಕಾರ ದಾಸಿಯನ್ನು ಬಿಡುಗಡೆ ಮಾಡಿದರೆ, ಬೆರಾಖಾ ಎಂಬ ಹೀಬ್ರೂ ಹೆಸರು ಪಡೆದ ಅಶು ನಾಳೆ ಏಡನ್‌ಗೋ ಫುಸ್ತಾತ್‌ಗೋ ಹೋದಾಗ ಅಲ್ಲಿನ ನ್ಯಾಯಪೀಠ ಆ ಪತ್ರವನ್ನು ಒಪ್ಪಬೇಕು. ಅದಕ್ಕೆ ಒಂದು ದೊಡ್ಡ ಹೆಸರು ಬೇಕು. 1132ರಲ್ಲಿ ಕೈರೋದಲ್ಲಿ ಮಸ್ಲಿಯಾಹ್ ಇದ್ದರೂ ಇಲ್ಲಿ ಬರೆದದ್ದು ದಾನಿಯೇಲನ ಹೆಸರು. ಅಂದರೆ ಹಿಂದೂ ಮಹಾಸಾಗರದ ಈ ದಂಡೆಯನ್ನು ಆ ಪತ್ರದವರು ಬಾಗ್ದಾದಿನ ಲೆಕ್ಕಕ್ಕೆ ಸೇರಿಸಿದ್ದರು.

ಕೆ‍ಳಗಿನ ಹುದ್ದೆಗಳು

ಇವು ಸುಲಭ, ಬೇಗ ಹೇಳಿಬಿಡುತ್ತೇನೆ. ದಯ್ಯಾನ್ ನ್ಯಾಯಾಧೀಶ, ನ್ಯಾಯಪೀಠಕ್ಕೆ ಮೂವರು ಬೇಕು. ಮುಕದ್ದಮ್ ಒಂದು ಊರಿನ ಯಹೂದಿಗಳ ಮುಖಂಡ, ಈಜಿಪ್ಟಿನಲ್ಲಿ ಇವನ ನೇಮಕಕ್ಕೆ ರಈಸ್‌ನ ಒಪ್ಪಿಗೆ ಬೇಕು, ಊರಿನವರ ಒಪ್ಪಿಗೆಯೂ ಇಲ್ಲದಿದ್ದರೆ ಬಾಳುವುದಿಲ್ಲ. ಹಜ್ಜಾನ್ ಪ್ರಾರ್ಥನೆ ಹಾಡುವವನು, ಪತ್ರ ಬರೆದುಕೊಡುವ ಕೆಲಸವೂ ಎಷ್ಟೋ ಸಲ ಅವನದ್ದೇ. ಹಾವೇರ್ ಎಂದರೆ ಪ್ಯಾಲೆಸ್ತೀನಿನ ಪೀಠದ ಸದಸ್ಯ ಎಂಬ ಮನ್ನಣೆ, ಹಾವೇರಿಗೂ ಅದಕ್ಕೂ ಸಂಬಂಧ ಇಲ್ಲ! ಪರ್ನಾಸ್ ಮಾತ್ರ ಸ್ವಲ್ಪ ನಿಂತು ನೋಡಬೇಕಾದವನು. ಸಮುದಾಯಕ್ಕೆ ಬಿಟ್ಟುಕೊಟ್ಟ ಮನೆಗಳ ಬಾಡಿಗೆ ವಸೂಲಿ, ರಿಪೇರಿ, ಬಡವರಿಗೆ ರೊಟ್ಟಿ ಹಂಚುವುದು, ಬಟ್ಟೆ ಕೊಡುವುದು, ಎಲ್ಲ ಇವನ ತಲೆಗೆ. ಫುಸ್ತಾತಿನಲ್ಲಿ ಮಂಗಳವಾರ, ಶುಕ್ರವಾರ ರೊಟ್ಟಿ ಹಂಚುತ್ತಿದ್ದ ಪಟ್ಟಿಗಳು ಈಗಲೂ ಸಿಗುತ್ತವೆ, ಯಾರಿಗೆ ಎಷ್ಟು ರೊಟ್ಟಿ ಎಂದು ಹೆಸರು ಸಮೇತ. ದೊಡ್ಡ ಬಿರುದಿನವರ ಜಗಳಕ್ಕಿಂತ ಈ ಪಟ್ಟಿಗಳನ್ನು ಓದಿದರೆ ಆ ಸಮಾಜ ಹೇಗೆ ನಡೆಯುತ್ತಿತ್ತು ಎಂದು ಜಾಸ್ತಿ ತಿಳಿಯುತ್ತದೆ.

ಹೊಗಳಿಕೆಯನ್ನು ಹುದ್ದೆ ಎಂದುಕೊಳ್ಳಬೇಡಿ

‘ಯೆಶಿವಾದ ಅಚ್ಚುಮೆಚ್ಚು’, ‘ಯೆಶಿವಾದ ನಿಧಿ’, ‘ಪ್ರಭುಗಳ ಪ್ರಭು’ ಎಂಬಂಥವು ಬೇಕಾದಷ್ಟು ಬರುತ್ತವೆ. ದಾನ ಕೊಟ್ಟ ವ್ಯಾಪಾರಿಗೆ, ಅರಮನೆಯಲ್ಲಿ ಸಹಾಯ ಮಾಡಿದ ವೈದ್ಯನಿಗೆ ಪೀಠ ಕೊಡುತ್ತಿದ್ದ ಗೌರವ ಇದು. ಸಿನಗಾಗಿನಲ್ಲಿ ಎಲ್ಲರೆದುರು ಓದಿ ಹೇಳುತ್ತಿದ್ದರು. ಒಬ್ಬನಿಗೆ ಎರಡು ಪೀಠಗಳಿಂದ ಬಂದಿರುವುದೂ ಉಂಟು. ಅಲ್-ಶೇಖ್ ಎಂದರೆ ಮರ್ಯಾದಸ್ಥ ಎಂದಷ್ಟೇ, ಧರ್ಮಗುರು ಅಲ್ಲ. ಇವನ್ನೆಲ್ಲ ಸೇರಿಸಿ ಅನುವಾದ ಮಾಡಿದರೆ ಒಬ್ಬ ಸಾಮಾನ್ಯ ರೇಷ್ಮೆ ವ್ಯಾಪಾರಿ ಮಹಾರಾಜನಂತೆ ಕಾಣುತ್ತಾನೆ.

ಉಲ್ಟಾ ಕೂಡ ನಿಜ. ಬಿರುದು ಇಲ್ಲದವನ ಕೈಯಲ್ಲೇ ಶಕ್ತಿ ಇರಬಹುದು. 11ನೇ ಶತಮಾನದ ಕೈರೋದಲ್ಲಿ ಕರಾಯಿಟ್ ವ್ಯಾಪಾರಿ ಅಬೂ ಸಾದ್ ಅಲ್-ತುಸ್ತರಿ ಫಾತಿಮಿದ್ ಅರಮನೆಯಲ್ಲಿ ಹೇಳಿದ್ದು ನಡೆಯುತ್ತಿತ್ತು. ಜೆರುಸಲೇಮಿನ ಗಾವೋನ್ ಕೂಡ ಇಂಥವರ ಸಹಾಯ ಬೇಡುತ್ತಿದ್ದ ಕಾಲ. ಅಬೂ ಸಾದ್‌ನನ್ನು 1047ರಲ್ಲಿ ಕೊಂದರು. ಬಿರುದುಗಳ ಪಟ್ಟಿ ಮಾತ್ರ ಹಿಡಿದು ಓದಿದರೆ ಇಂಥ ಮನುಷ್ಯ ಕಣ್ಣಿಗೇ ಬೀಳುವುದಿಲ್ಲ.

ಎಲ್ಲಿ ಹುಡುಕುವುದು, ಹೇಗೆ ಬರೆಯುವುದು

ಈ ಪತ್ರಗಳಲ್ಲಿ ಬಹುಪಾಲು ಉಳಿದದ್ದು ಫುಸ್ತಾತಿನ ಬೆನ್ ಎಜ್ರಾ ಸಿನಗಾಗಿನ ಗೆನಿಜಾ ಎಂಬ, ಹಳೆ ಬರಹಗಳನ್ನು ಹಾಕಿಡುವ ಕೋಣೆಯಲ್ಲಿ. ಈಗ ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್ ಎಂಬ ಜಾಲತಾಣದಲ್ಲಿ ಸಾವಿರಾರು ಪತ್ರಗಳ ವಿವರ ಪುಕ್ಕಟೆ ಸಿಗುತ್ತದೆ, ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಫೋಟೋಗಳೂ ಇವೆ. ಮೊಬೈಲಿನಲ್ಲೇ ನೋಡಬಹುದು. ಹುಡುಕುವಾಗ ಒಂದೇ ಕಾಗುಣಿತ ನಂಬಬೇಡಿ. ಮಂಗಳೂರು ಅಲ್ಲಿ ಮಂಜರೂರ್, ಬಾರ್ಕೂರು ಫಾಕನೂರ್. ಹಾಗೇ ಯೆಫೆತ್ ಸಿಗದಿದ್ದರೆ ಜಾಫೆತ್, ಅದೂ ಸಿಗದಿದ್ದರೆ ಹಸನ್ ಎಂದು ಹಾಕಿ ನೋಡಿ. ವಿವರದಲ್ಲಿ ಕೊಟ್ಟ ತಾರೀಕಿನ ಮುಂದೆ ‘ಸುಮಾರು’ ಎಂದಿದ್ದರೆ ನಿಮ್ಮ ಬರಹದಲ್ಲೂ ಆ ‘ಸುಮಾರು’ ಬಿಡಬೇಡಿ.

ಬರೆಯುವಾಗ ಬಿರುದನ್ನು ಮೂಲದ ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ ಒಂದು ಸಣ್ಣ ವಿವರ ಕೊಡಿ: ಯಾವ ಊರಿನ, ಯಾವ ಕಾಲದ, ಯಾರು ಕೊಟ್ಟದ್ದು. ‘ಏಡನ್‌ನ ಮದ್ಮೂನ್, ಆಗ ಪರಊರಿನ ವ್ಯಾಪಾರಿಗಳ ಪ್ರತಿನಿಧಿ, ಮುಂದೆ ಯೆಮೆನ್ ನಾಗಿದ್’ ಎಂದರೆ ಓದುವವರಿಗೆ ಸಾಕು. ಬೆನ್ ಯಿಜುವಿನ ಬಗ್ಗೆ ಬರೆಯುವಾಗ ಅವನನ್ನು ಮಂಗಳೂರಿನ ಯಹೂದಿಗಳ ನಾಯಕ ಎಂದೆಲ್ಲ ಏರಿಸಬೇಡಿ. ಆತ ವ್ಯಾಪಾರಿ, ಹಿತ್ತಾಳೆ-ಕಂಚಿನ ಪಾತ್ರೆ ಮಾಡಿಸುತ್ತಿದ್ದವನು, ಒಳ್ಳೆ ಬರಹಗಾರ, ಶಾಸ್ತ್ರ ಬಲ್ಲವನು. ಅವನಿಗೆ ಅಷ್ಟು ಸಾಕು.